ಹಗೆಯ ಹಡಗಿಗೆ ಬೆಂಗಾವಲು

ಒಂದು ಇಂಗ್ಲಿಷ್ ಸಿನೆಮಾದ ಕತೆಯಿಂದ ಗಡಿನಾಡಿನ ಮಾತನ್ನು ಆರಂಭಿಸುತ್ತಿದ್ದೇನೆ, ಓದುಗರು ಮನ್ನಿಸಬೇಕು. ಅದು ನಾನಾಗಿ ಹುಡುಕಿಕೊಂಡು ಹೋಗಿ ನೋಡಿದ್ದಲ್ಲ. ಬೇಸಗೆ ರಜೆಯ ಒಂದು ಮಧ್ಯಾಹ್ನ ನನ್ನ ಮಗ ಮೊಬೈಲನ್ನು ನೀರಿನ ಚೆಂಬಿಗೆ ಒರಗಿಸಿಟ್ಟು ನೋಡುತ್ತಿದ್ದ. ಗುಡಿಬಂಡೆಯ ಏಪ್ರಿಲ್ ತಿಂಗಳ ಧಗೆಗೆ ನಿದ್ದೆ ಬಾರದೆ ನಾನೂ ಪಕ್ಕದಲ್ಲಿ ಕೂತೆ. ‘ಸ್ಟಾರ್ ಟ್ರೆಕ್’ ಎಂಬ ಸರಣಿಯ ಆರನೆಯ ಚಿತ್ರ. 1991ರ ಡಿಸೆಂಬರಿನಲ್ಲಿ, ಅಂದರೆ ಸೋವಿಯತ್ ಒಕ್ಕೂಟ ಮುರಿದುಬಿದ್ದ ತಿಂಗಳಲ್ಲೇ, ತೆರೆಕಂಡದ್ದು. ಆಕಾಶನೌಕೆ, ಕಿರಣದ ಬಂದೂಕು ಇವುಗಳಲ್ಲಿ ನನಗೆ ಆಸಕ್ತಿಯಿಲ್ಲ. ಆದರೂ ಅರ್ಧ ಗಂಟೆ ಕಳೆಯುವಷ್ಟರಲ್ಲಿ, ಇದು ನಮ್ಮ ಮಂಡಲದ ಕತೆಯೇ ಅಲ್ಲವೇ ಎನ್ನಿಸಿ ನೆಟ್ಟಗೆ ಕೂತೆ.

ಕತೆ ಇಷ್ಟು. ಕರ್ಕ್ ಎಂಬವನು ಒಂದು ನೌಕೆಯ ನಾಯಕ. ಕ್ಲಿಂಗಾನ್ ಎಂಬ ಜನಾಂಗ ಅವನ ನಾಡಿಗೆ ತಲೆಮಾರುಗಳ ಶತ್ರು. ನಾಡಿನ ಮಾತು ಹಾಗಿರಲಿ, ಅವನ ಸ್ವಂತ ಮಗನನ್ನೇ ಅವರು ಹಿಂದಿನ ಒಂದು ಚಿತ್ರದಲ್ಲಿ ಕೊಂದಿದ್ದಾರೆ. ಹೀಗಿರುವಾಗ ಒಂದು ದಿನ ಕ್ಲಿಂಗಾನರಿಗೆ ಶಕ್ತಿ ಒದಗಿಸುತ್ತಿದ್ದ ಅವರ ಚಂದ್ರನೇ ಸಿಡಿದುಹೋಗುತ್ತದೆ. ಗಾಳಿ ಕೆಟ್ಟು ಇನ್ನು ಐವತ್ತು ವರ್ಷಕ್ಕೆ ಅವರ ಲೋಕ ಮುಗಿಯುವ ಸ್ಥಿತಿ. 1986ರ ಚೆರ್ನೋಬಿಲ್ ದುರಂತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಕಟ್ಟಿದ್ದಾರೆ. ಶಾಂತಿಯ ಮಾತಿಗೆ ಬರುವ ಕ್ಲಿಂಗಾನ್ ಮುಖ್ಯಸ್ಥನ ಹಡಗಿಗೆ ಬೆಂಗಾವಲಾಗಿ ಹೋಗಬೇಕಾದವನು ಯಾರು? ಇದೇ ಕರ್ಕ್. ಅವನ ಗೆಳೆಯ ಸ್ಪಾಕ್ ಅವನನ್ನು ಒಂದು ಮಾತೂ ಕೇಳದೆ ಅವನ ಹೆಸರು ಕೊಟ್ಟುಬಿಟ್ಟಿರುತ್ತಾನೆ. ಸತ್ತರೆ ಸಾಯಲಿ ಎನ್ನುವ ಮನಸ್ಸಿನವನು ಹಲ್ಲು ಕಚ್ಚಿಕೊಂಡು ಹೊರಡುತ್ತಾನೆ.

ಇದೆಲ್ಲ ನಮಗೆ ಹೊಸದೇನಲ್ಲ. ಘೋಷಯಾತ್ರೆಯ ಪ್ರಸಂಗ ಯಾರಿಗೆ ಗೊತ್ತಿಲ್ಲ? ಕಾಡಿನಲ್ಲಿದ್ದ ಪಾಂಡವರ ಎದುರು ಸಿರಿ ಮೆರೆಸಲು ಬಂದ ಕೌರವನನ್ನು ಗಂಧರ್ವ ಚಿತ್ರಸೇನ ಹೆಡೆಮುರಿ ಕಟ್ಟಿ ಒಯ್ದಾಗ, ಬಿಡಿಸಿಕೊಂಡು ಬಾ ಎಂದು ಧರ್ಮರಾಯ ಭೀಮನಿಗೆ ಹೇಳುತ್ತಾನೆ. ನಮ್ಮೊಳಗೆ ನಾವು ಐವರು, ಅವರು ನೂರ್ವರು. ಹೊರಗಿನವನು ಬಂದಾಗ ನಾವು ನೂರೈವರು ಎಂಬುದು ಅವನ ಲೆಕ್ಕ. ಭೀಮನಿಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ನಾವು ಮಾಡಬೇಕಾಗಿದ್ದ ಕೆಲಸವನ್ನು ಗಂಧರ್ವನೇ ಮಾಡಿದನಲ್ಲ, ಒಳ್ಳೆಯದಾಯಿತು ಎನ್ನುತ್ತಾನೆ. ಗೊಣಗುತ್ತಲೇ ಹೋಗುತ್ತಾನೆ, ಆದರೆ ಹೋಗುತ್ತಾನೆ. ಧರ್ಮರಾಯನ ಕ್ಷಮೆ ನನ್ನಂಥವರ ಕೈಗೆಟುಕುವುದಲ್ಲ. ಭೀಮನ ಗೊಣಗಾಟ ನನ್ನ ಅಳತೆಗೆ ಸರಿಯಾಗಿದೆ. ಈ ಲೇಖನ ಭೀಮನ ಪಕ್ಷದ್ದು.

ನಾನು ಆಂಧ್ರದ ಗುಡಿಬಂಡೆಯವನು. ಕರ್ನಾಟಕದಲ್ಲಿ, ಚಿಕ್ಕಬಳ್ಳಾಪುರದ ಕಡೆ, ಇನ್ನೊಂದು ಗುಡಿಬಂಡೆ ಇದೆ; ಬೆಂಗಳೂರಿನವರು ನಮಗೆ ಬರೆದ ಕಾಗದಗಳು ಎಷ್ಟೋ ಸಲ ಅಲ್ಲಿಗೆ ಹೋಗಿ ಸುತ್ತಿಕೊಂಡು ಬರುತ್ತಿದ್ದವು. ಆಂಧ್ರದ ಕಡತಗಳಲ್ಲಿ ನಾವು ‘ಗುಡಿಬಂಡ’. ಕೊನೆಯ ‘ಎ’ಕಾರ ನಮ್ಮ ಬಾಯಲ್ಲಿ ಮಾತ್ರ ಉಳಿದಿದೆ. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ: ಈ ಐದು ಮಂಡಲಗಳನ್ನು ನಕ್ಷೆಯಲ್ಲಿ ನೋಡಿ, ಕರ್ನಾಟಕದ ಮಡಿಲಲ್ಲಿ ಆಂಧ್ರ ಕೈಚಾಚಿ ಇಟ್ಟ ಮುಷ್ಟಿಯಂತೆ ಕಾಣುತ್ತವೆ. ಅಮರಾಪುರದ ಹತ್ತಿರದ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿನ ಕಲ್ಲುಗಳು ಕನ್ನಡ ಮಾತಾಡುತ್ತವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಆದೋನಿ, ಆಲೂರುಗಳ ಜೊತೆ ರಾಯದುರ್ಗ ಆಂಧ್ರಕ್ಕೆ ಬಂತು. ನಾವು ಅನಂತಪುರ ಜಿಲ್ಲೆಯೊಳಗೆ ಮೊದಲೇ ಇದ್ದವರು, ಅಲ್ಲೇ ಉಳಿದೆವು. 1956ರಲ್ಲೂ ಏನೂ ಬದಲಾಗಲಿಲ್ಲ. 2022ರ ಏಪ್ರಿಲಿನಲ್ಲಿ ಜಿಲ್ಲೆ ಒಡೆದು ನಮ್ಮನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹೀಗೆ ಗಡಿನಾಡಿನ ಕನ್ನಡದ ಎರಡು ತುಂಡುಗಳು ಈಗ ಎರಡು ಜಿಲ್ಲೆಗಳ ಪಾಲು.

ನೋವು ಇಲ್ಲವೆಂದು ನಾನು ಹೇಳುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಅದು ದಿನವೂ ಕಾಣುತ್ತದೆ. ಕನ್ನಡ ಮಾತ್ರ ಓದಬಲ್ಲ ಮುದುಕಿ ಹಣ ತೆಗೆಯುವ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಅದರಲ್ಲಿ ತೆಲುಗಿದೆ, ಹಿಂದಿಯಿದೆ, ಇಂಗ್ಲಿಷಿದೆ. ಕೊನೆಗೆ ಗಾಜಿನ ಕಿಂಡಿಯಿಂದ ಒಳಕ್ಕೆ ತಳ್ಳಿ, “ನೀನೇ ಬರಕೊಡಪ್ಪಾ” ಎನ್ನುತ್ತಾಳೆ. ಸಹಿ ಮಾಡಲು ಬರುತ್ತಿದ್ದರೂ ಹೆಬ್ಬೆಟ್ಟು ಒತ್ತಿ ಹೋದವರನ್ನು ನಾನು ಕಂಡಿದ್ದೇನೆ. ಕನ್ನಡದ ಸಹಿ ನಡೆಯುತ್ತದೋ ಇಲ್ಲವೋ ಎಂಬ ಅಂಜಿಕೆ. ಆಂಧ್ರದಲ್ಲಿ ಬ್ಯಾಂಕಿನ ಗುಮಾಸ್ತನಾಗಬೇಕಾದರೆ ರಾಜ್ಯದ ಭಾಷೆ ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ತೆಲುಗು ಓದುಬರಹವನ್ನು ಇಪ್ಪತ್ತರ ವಯಸ್ಸಿನಲ್ಲಿ ಕುಳಿತು ಕಲಿತೆ. ಕಲಿತದ್ದಕ್ಕೆ ಬೇಸರವಿಲ್ಲ. ಆದರೆ ಎದುರು ಕಡೆಯವರು ನಮ್ಮ ಲಿಪಿಯ ನಾಲ್ಕು ಅಕ್ಷರವನ್ನಾದರೂ ಕಲಿತದ್ದು ನನಗೆ ಆಗ ಕಂಡಿರಲಿಲ್ಲ.

ಹಾಗಾಗಿ 2019ರ ನವೆಂಬರಿನಲ್ಲಿ ನಮ್ಮಲ್ಲಿ ಅನೇಕರು ಒಳಗೊಳಗೇ ಹಿಗ್ಗಿದ್ದನ್ನು ಮುಚ್ಚಿಡಲಾರೆ. ಆಂಧ್ರ ಸರಕಾರ 81ನೆಯ ನಂಬರಿನ ಆಜ್ಞೆ ಹೊರಡಿಸಿ, ಮುಂದಿನ ಶಾಲಾ ವರ್ಷದಿಂದ ಸರಕಾರಿ ಶಾಲೆಗಳ ಒಂದರಿಂದ ಎಂಟನೆಯ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮ ಎಂದಿತು. ಕೆಲವೇ ದಿನಗಳಲ್ಲಿ ಎಂಟು ಎಂಬುದು ಆರಾಯಿತು. ತೆಲುಗು ಪಂಡಿತರು, ಕವಿಗಳು, ಪತ್ರಿಕೆಯವರು ಗೋಳಿಟ್ಟರು. ನಮ್ಮ ಬಸ್ ನಿಲ್ದಾಣದ ಚಹದಂಗಡಿಯಲ್ಲಿ ಕೇಳಿದ ಮಾತು: ಅರವತ್ತು ವರ್ಷ ನಮ್ಮ ಗಂಟಲಲ್ಲಿ ತುರುಕಿದರಲ್ಲ, ಈಗ ಅವರ ಗಂಟಲಿಗೇ ಬಂತು. ಆ ಮಾತು ಆಡಿದವನು ನಾನಲ್ಲ. ಆದರೆ ನಕ್ಕವರಲ್ಲಿ ನಾನೂ ಒಬ್ಬ.

ಅದೇ ವಾರ ತೆಲುಗು ಮೇಷ್ಟ್ರೊಬ್ಬರು ಬ್ಯಾಂಕಿಗೆ ಬಂದರು. ಅವರಿಗೂ ನನಗೂ ಹಳೆಯ ಕಲಹ. ಹಿಂದೊಮ್ಮೆ ಒಂದು ಶಾಲೆಯ ಹಲಗೆಗೆ ಹೊಸ ಬಣ್ಣ ಬಳಿದಾಗ ಕನ್ನಡದ ಸಾಲು ಬಿಟ್ಟುಹೋಗಿತ್ತು. ಕೇಳಹೋದ ನಮಗೆ ಅವರು, ತಿನ್ನುವುದು ಆಂಧ್ರದ ಅನ್ನ ಎಂದು ನೆನಪಿಸಿದ್ದರು. ಅಂಥವರು ಪಾಸ್ ಬುಕ್ಕಿನ ಜೊತೆ ಒಂದು ಹಾಳೆಯನ್ನೂ ಕಿಂಡಿಯಲ್ಲಿಟ್ಟು, “ಒಕ್ಕ ಸಂತಕಂ ಪೆಟ್ಟಂಡಿ ಸಾರ್” ಎಂದರು. ಮಾತೃಭಾಷೆಯ ಮಾಧ್ಯಮವನ್ನು ತೆಗೆಯಬೇಡಿ ಎಂಬ ಮನವಿ, ಪೂರ್ತಿ ತೆಲುಗಿನಲ್ಲಿ. ನಾನು ಪಾಸ್ ಬುಕ್ಕನ್ನು ಮಾತ್ರ ತೆಗೆದುಕೊಂಡು, ಮುದ್ರಿಸಿ, ಹಾಳೆಯನ್ನು ಅದರೊಳಗೇ ಮಡಿಸಿಟ್ಟು ಹಿಂದಕ್ಕೆ ಕೊಟ್ಟೆ. “ಇದು ನಿಮ್ಮ ಜಗಳ ಮೇಷ್ಟ್ರೇ” ಎಂದೆ. ಅವರೇನೂ ಹೇಳಲಿಲ್ಲ. ಆ ಸಂಜೆ ಮನೆಗೆ ಬಂದು ಬಹಳ ಗೆದ್ದವನಂತೆ ಊಟ ಮಾಡಿದೆ.

ಅದು ಅವರ ಜಗಳವಾಗಿರಲಿಲ್ಲ. ಲೆಕ್ಕ ಬರೆಯುವವನಾಗಿ ನನಗೆ ಆಗಲೇ ಹೊಳೆಯಬೇಕಿತ್ತು. ತೆಲುಗು ರಾಜ್ಯದೊಳಗೆ ಕನ್ನಡ ಶಾಲೆ ಯಾವ ಆಧಾರದ ಮೇಲೆ ನಿಂತಿದೆ? ಮಗುವಿಗೆ ಅದರ ಮನೆಮಾತಿನಲ್ಲಿ ಮೊದಲ ಪಾಠ ಹೇಳಬೇಕೆಂಬ ಒಂದೇ ತತ್ತ್ವದ ಮೇಲೆ. 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಯತ್ನಿಸಬೇಕೆಂದು ಹೇಳುವುದೂ ಅದೇ ತತ್ತ್ವವನ್ನು. ರಾಜ್ಯದಲ್ಲಿ ಕೋಟಿಗಟ್ಟಲೆ ಜನ ಆಡುವ ತೆಲುಗಿಗೇ ಆ ತತ್ತ್ವ ಬೇಡವೆಂದಾದ ಮೇಲೆ, ಐದು ಮಂಡಲಗಳ ಕನ್ನಡಕ್ಕಾಗಿ ಅದನ್ನು ಯಾರು ಕಾಪಾಡಿಯಾರು? ದೊಡ್ಡ ಮನೆಯ ತೊಲೆ ಬಿದ್ದರೆ ಅದಕ್ಕೆ ಒರಗಿಸಿ ಕಟ್ಟಿದ ಚಪ್ಪರ ನಿಲ್ಲುತ್ತದೆಯೇ? 2020ರ ಏಪ್ರಿಲ್ 15ರಂದು ಆಂಧ್ರದ ಹೈಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ಕೋರ್ಟಿಗೆ ಹೋದವರು ತೆಲುಗಿನ ಪರವಾಗಿ ಹೋಗಿದ್ದರು. ಆ ತೀರ್ಪಿನ ನೆರಳು ನಮ್ಮ ಕನ್ನಡ ಶಾಲೆಗಳ ಮೇಲೂ ಬಿತ್ತು. ಒಂದು ಸಹಿಯನ್ನೂ ಕೊಡದ ನಾನು ಆ ನೆರಳಲ್ಲಿ ನಿಂತಿದ್ದೆ.

ಸಿನೆಮಾದಲ್ಲಿ ಇನ್ನೊಂದು ಸಂಗತಿ ಇದೆ. ಕರ್ಕ್ ತನ್ನ ಕೋಣೆಯಲ್ಲಿ ಕೂತು, ಯಾರಿಗೂ ಕೇಳದೆಂದು ತಿಳಿದು, ತನ್ನ ದಿನಚರಿಯ ಯಂತ್ರಕ್ಕೆ ದ್ವೇಷವನ್ನೆಲ್ಲ ಹೇಳಿಕೊಂಡಿರುತ್ತಾನೆ. ಮುಂದೆ ಕ್ಲಿಂಗಾನ್ ಮುಖ್ಯಸ್ಥನ ಕೊಲೆಯಾದಾಗ, ಕೊಲೆ ಮಾಡದ ಕರ್ಕನ ಮೇಲೆ ಮೊಕದ್ದಮೆ ನಡೆಯುತ್ತದೆ. ಅಲ್ಲಿ ಸಾಕ್ಷಿಯಾಗಿ ಬರುವುದು ಅವನದೇ ದನಿ. ಚಹದಂಗಡಿಯಲ್ಲಿ ನಾವು ಆಡಿದ ಮಾತುಗಳೂ ಹಾಗೆಯೇ. ಕನ್ನಡ ಮೇಷ್ಟ್ರ ಹುದ್ದೆ ತುಂಬಿ ಎಂದು ಕೇಳಹೋದಾಗ, ನೀವು ಯಾವಾಗಲಾದರೂ ಈ ರಾಜ್ಯದವರಂತೆ ನಡೆದುಕೊಂಡಿದ್ದೀರಾ ಎಂದು ನಮ್ಮನ್ನು ಕೇಳುತ್ತಾರೆ. ಆಗ ನಮ್ಮ ಬಾಯಿ ಕಟ್ಟುತ್ತದೆ.

ಕೊಲೆ ಮಾಡಿಸಿದವರು ಯಾರು ಎಂಬುದು ಆ ಕತೆಯ ಗುಟ್ಟು. ಕ್ಲಿಂಗಾನರ ದಂಡನಾಯಕನೊಬ್ಬ, ಕರ್ಕನ ಪಾಳಯದ ದೊಡ್ಡ ಅಧಿಕಾರಿಯೊಬ್ಬ, ಮೂರನೆಯ ನಾಡಿನ ರಾಯಭಾರಿಯೊಬ್ಬ ಕೂಡಿಕೊಂಡಿರುತ್ತಾರೆ. ಶತ್ರುಗಳು ಒಟ್ಟಾಗಬಾರದು ಎಂಬುದಕ್ಕಾಗಿ ಶತ್ರುಗಳೇ ಒಟ್ಟಾದದ್ದು! ಇದನ್ನು ನೋಡಿ ನನ್ನ ಮಗ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಗಡಿಯ ಎರಡೂ ಬದಿಯಲ್ಲಿ ಇಂಥವರನ್ನು ಕಂಡಿದ್ದೇನೆ. ನವೆಂಬರ್ ಒಂದರಂದು ಈಚೆ ನಿಂತು ಕನ್ನಡಕ್ಕೆ ಪ್ರಾಣ ಕೊಡುತ್ತೇನೆಂದು ಕೂಗುವವರೂ, ಆಚೆ ನಿಂತು ತೆಲುಗು ತಾಯಿಗೆ ಹಾರ ಹಾಕುವವರೂ, ಜೂನ್ ಒಂದರಂದು ಒಂದೇ ಖಾಸಗಿ ಇಂಗ್ಲಿಷ್ ಶಾಲೆಯ ಬಾಗಿಲಲ್ಲಿ ಫೀಜು ಕಟ್ಟಲು ಸಾಲು ನಿಂತಿರುತ್ತಾರೆ. ಅಂಥ ಶಾಲೆಗಳನ್ನು ಪಾಲುದಾರಿಕೆಯಲ್ಲಿ ನಡೆಸುವವರಿಗೆ ಭಾಷೆಯ ಗಡಿ ಅಡ್ಡ ಬಂದದ್ದನ್ನು ನಾನು ಕಂಡಿಲ್ಲ.

ಸಾಲಿನಲ್ಲಿ ನಾನೂ ನಿಂತಿದ್ದೆ. ಅದನ್ನು ಹೇಳದೆ ಮುಂದೆ ಬರೆದರೆ ಲೇಖನ ಸುಳ್ಳಾಗುತ್ತದೆ. ನನ್ನ ಮಗ ಕನ್ನಡ ಶಾಲೆಯಲ್ಲಿ ಓದಲಿಲ್ಲ. ಅವನು ಕನ್ನಡವನ್ನು ಮಾತಾಡುತ್ತಾನೆ, ತಡವರಿಸಿ ಓದುತ್ತಾನೆ, ಬರೆಯುವುದಿಲ್ಲ. ಈ ಲೇಖನವನ್ನು ಅವನಿಗೆ ನಾನೇ ಓದಿ ಹೇಳಬೇಕು. ಕನ್ನಡ ಮಾಧ್ಯಮದ ಹುಡುಗನಾಗಿ ಬ್ಯಾಂಕಿನ ಪರೀಕ್ಷೆಯಲ್ಲಿ ಇಂಗ್ಲಿಷಿನ ಎದುರು ನಾನು ಪಟ್ಟ ಪಾಡು ಅವನಿಗೆ ಬೇಡವೆನ್ನಿಸಿತು. 81ನೆಯ ಆಜ್ಞೆ ರದ್ದಾದ ಮೇಲೆ, ನೂರಕ್ಕೆ 96ಕ್ಕೂ ಹೆಚ್ಚು ಪೋಷಕರು ಇಂಗ್ಲಿಷನ್ನೇ ಕೇಳಿದ್ದಾರೆಂದು ಸರಕಾರ ಹೇಳಿತು. ಅವರೆಲ್ಲ ತಾಯ್ನುಡಿಯ ದ್ರೋಹಿಗಳೆಂದು ಬರೆಯುವ ಅಧಿಕಾರ ನನಗಿಲ್ಲ. ಅವರಲ್ಲಿ ಹೆಚ್ಚಿನವರು ಕೂಲಿಯವರು, ದಲಿತರು, ಕಡಲೆಕಾಯಿ ಬೆಳೆದು ಮಳೆ ಕಾಯುವ ರೈತರು. ಉಳ್ಳವರ ಮಕ್ಕಳಿಗೆ ಸಿಕ್ಕ ಇಂಗ್ಲಿಷ್ ತಮ್ಮ ಮಕ್ಕಳಿಗೂ ಸಿಗಲಿ ಎನ್ನುವುದು ಅವರ ನ್ಯಾಯವಾದ ಆಸೆ. ಭಾಷಾಭಿಮಾನದ ಭಾಷಣ ಮಾಡುವ ನಮ್ಮಲ್ಲಿ ಅನೇಕರು ಈ ಪ್ರಶ್ನೆಗೆ ಉತ್ತರ ಹೇಳದೆ ತಪ್ಪಿಸಿಕೊಂಡಿದ್ದೇವೆ. ನನ್ನ ಉತ್ತರ ಇಷ್ಟೇ: ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಕಲಿಸಿ, ಚೆನ್ನಾಗಿ ಕಲಿಸಿ, ಅದಕ್ಕೆ ಬಲ್ಲ ಮೇಷ್ಟ್ರನ್ನು ಕೊಡಿ. ಆದರೆ ಮಳೆ ಹೇಗೆ ಬರುತ್ತದೆ, ಮೂರೂ ನಾಲ್ಕೂ ಎಷ್ಟು ಎಂಬುದನ್ನು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಇದನ್ನು ಕನ್ನಡಿಗನೊಬ್ಬನೇ ಹೇಳಿದರೆ ಸ್ವಾರ್ಥ ಎನ್ನುತ್ತಾರೆ. ತೆಲುಗರೊಬ್ಬರೇ ಹೇಳಿದರೆ ಹಳಬರ ಹಟ ಎನ್ನುತ್ತಾರೆ. ಇಬ್ಬರೂ ಕೂಡಿ ಹೇಳಿದರೆ ಉತ್ತರ ಕೊಡಬೇಕಾಗುತ್ತದೆ.

ಕರ್ನಾಟಕ ನಮ್ಮನ್ನು ಕಾಯುತ್ತದೆ ಎನ್ನುವವರಿಗೆ ಎರಡು ಮಾತು. ತಾಯ್ನಾಡು ಎಂದು ನಾವು ಕೈಚಾಚುವ ಆ ರಾಜ್ಯವೇ ಇದೇ ಜ್ವರದಲ್ಲಿ ಮಲಗಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಕಡ್ಡಾಯ ಎಂದು 1994ರಲ್ಲಿ ಅದು ತಂದ ನೀತಿಯನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2014ರ ಮೇ 6ರಂದು ತಳ್ಳಿಹಾಕಿತು. 2019ರಲ್ಲಿ ಅದೇ ರಾಜ್ಯದ ಸರಕಾರ ಸಾವಿರ ಸರಕಾರಿ ಶಾಲೆಗಳಲ್ಲಿ ತಾನೇ ಇಂಗ್ಲಿಷ್ ಮಾಧ್ಯಮ ತೆರೆಯಿತು. ಆಂಧ್ರದ ಆಜ್ಞೆಯೂ ಅದೇ ವರ್ಷದ್ದು. ರಾಜ್ಯ ಬೇರೆ, ಪಕ್ಷ ಬೇರೆ, ಗಾಳಿ ಒಂದೇ.

ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಕಸುಬಿನೊಳಗಿನದೇ ಒಂದು ಉದಾಹರಣೆ ಇದೆ. 2021ರ ಜುಲೈಯಲ್ಲಿ ಬ್ಯಾಂಕ್ ಗುಮಾಸ್ತರ ನೇಮಕದ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಎಂದು ಪ್ರಕಟಣೆ ಬಂದಾಗ ಕರ್ನಾಟಕದಿಂದ ದೊಡ್ಡ ಕೂಗು ಎದ್ದಿತು. ಪ್ರಕ್ರಿಯೆಯನ್ನು ತಡೆಹಿಡಿದು ಸಮಿತಿ ನೇಮಿಸಿದರು. ಸೆಪ್ಟೆಂಬರ್ 30ರಂದು ಕೇಂದ್ರದ ಹಣಕಾಸು ಸಚಿವಾಲಯ, ಪರೀಕ್ಷೆಯನ್ನು ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವಂತೆ ಶಿಫಾರಸು ಮಾಡಿತು. ಕನ್ನಡಿಗರು ಎಬ್ಬಿಸಿದ ಕೂಗಿನ ಫಲ ತೆಲುಗಿನ ಹುಡುಗರಿಗೂ ಮಲಯಾಳದ ಹುಡುಗರಿಗೂ ಸಿಕ್ಕಿತು. ಕನ್ನಡಕ್ಕೆ ಮಾತ್ರ ಕೊಡಿ ಎಂದಿದ್ದರೆ ದಿಲ್ಲಿಯಲ್ಲಿ ಯಾರ ಕಿವಿಗೆ ಬೀಳುತ್ತಿತ್ತು?

ನೀರಿನ ವಿಷಯ ಇನ್ನೂ ದೊಡ್ಡದು. ತುಂಗಭದ್ರೆಯ ಹಂಚಿಕೆಗಾಗಿ ಕರ್ನಾಟಕವೂ ತೆಲುಗು ನಾಡೂ ಕಾದಾಡಿದ್ದು ಕಡಿಮೆಯೇ? ರಾಯದುರ್ಗದ ಕಡೆಯ ರೈತನಿಗೆ ಮೇಲ್ಮಟ್ಟದ ಕಾಲುವೆಯಲ್ಲಿ ಎಷ್ಟು ದಿನ ನೀರು ಬಂತು ಎಂಬುದು ಪಂಚಾಂಗಕ್ಕಿಂತ ಮುಖ್ಯ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಕಡಿದುಕೊಂಡು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯ, ಗೇಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಆಗ ಕರೆಸಿದ್ದು ಯಾರನ್ನು? ತೆಲುಗು ನಾಡಿನ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಎಪ್ಪತ್ತು ದಾಟಿದ ಆ ಮನುಷ್ಯ ಅಣೆಕಟ್ಟಿನ ಮೇಲೆ ನಿಂತು, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ, ವಾರದೊಳಗೆ ಕಿಂಡಿ ಮುಚ್ಚಿಸಿದರು. ಕೆಳಗೆ ಕೆಲಸ ಮಾಡಿದವರಲ್ಲಿ ಯಾರ ಮನೆಮಾತು ಯಾವುದೋ. ಆ ನೀರಿನ ನ್ಯಾಯ ಇನ್ನೂ ತೀರಿಲ್ಲ, ನಾಳೆ ಮತ್ತೆ ಕಾದಾಡುತ್ತಾರೆ. ಕಾದಾಡಲಿ. ಕಾದಾಡುವುದಕ್ಕಾದರೂ ಅಣೆಯಲ್ಲಿ ನೀರು ನಿಲ್ಲಬೇಕು.

ಕಾಸರಗೋಡಿನ ಬಂಧುಗಳಿಗೆ ಈ ಮಾತನ್ನು ಹೇಳುವುದೆಂದರೆ ನಿಮ್ಮೂರಿಗೇ ಅಡಿಕೆ ಹೊತ್ತು ತಂದಂತೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎರಡು ದಶಕಕ್ಕೂ ಮಿಕ್ಕಿದ ಕಾಲದಲ್ಲಿ ಆ ವಿಷ ಯಾರ ಮಾತೃಭಾಷೆಯನ್ನು ಕೇಳಿತು? ಕನ್ನಡದ ಪತ್ರಕರ್ತ ಶ್ರೀ ಪಡ್ರೆ ಮೊದಲಿಗರಾಗಿ ಎಚ್ಚರಿಸಿದವರಲ್ಲಿ ಒಬ್ಬರು. ವಾಣಿನಗರದ ಡಾ. ಮೋಹನ್ ಕುಮಾರ್ ತಮ್ಮಲ್ಲಿಗೆ ಬಂದ ರೋಗಿಗಳನ್ನು ನೋಡಿ ಬರೆದಿಟ್ಟರು. 1998ರಲ್ಲಿ ಕೋರ್ಟಿನ ಮೆಟ್ಟಿಲೇರಿದವರು ಮಲಯಾಳದ ಲೀಲಾಕುಮಾರಿ ಅಮ್ಮ. ನಿಮ್ಮ ಎಣ್ಮಕಜೆಯ ಹೆಸರನ್ನೇ ಇಟ್ಟು 2009ರಲ್ಲಿ ಕಾದಂಬರಿ ಬರೆದವರು ಮಲಯಾಳದ ಲೇಖಕ ಅಂಬಿಕಾಸುತನ್ ಮಾಙ್ಙಾಡ್. 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ವಿಷಕ್ಕೆ ದೇಶದಾದ್ಯಂತ ತಡೆ ಹಾಕಿದಾಗ ಅದು ಕನ್ನಡದ ಗೆಲುವೋ ಮಲಯಾಳದ ಗೆಲುವೋ ಎಂದು ಯಾರೂ ಕೇಳಲಿಲ್ಲ.

ಹಾಗೆಂದು ನಿಮ್ಮ ದೂರು ಸುಳ್ಳಾಗುವುದಿಲ್ಲ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯವಾದಾಗ ನೀವು ಬೀದಿಗಿಳಿದಿರಿ, ಇಳಿಯಬೇಕಿತ್ತು. ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ಶಾಲೆಗೆ ಹಾಕುವ ನೋವನ್ನು 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರ ಊರೂರಿಗೆ ತೋರಿಸಿತು. ನಮ್ಮ ಕಡೆಯವರೂ ಅದನ್ನು ನೋಡಿ ಕಣ್ಣೊರೆಸಿಕೊಂಡರು. ನಾನು ಕೇಳುವುದು ಇಷ್ಟೇ: ಮಲಯಾಳ ಮಾಧ್ಯಮದ ಶಾಲೆಯೊಂದು ಮಕ್ಕಳಿಲ್ಲದೆ ಮುಚ್ಚುವ ಸುದ್ದಿ ಬಂದಾಗ ನಮ್ಮಲ್ಲಿ ಹುಟ್ಟುವ ಆ ಸಣ್ಣ ಸಂತೋಷವಿದೆಯಲ್ಲ, ಅದು ನಮ್ಮದೇ ಶಾಲೆಯ ಬಾಗಿಲಿಗೆ ಹಾಕುವ ಬೀಗ. ಈ ವಾರ್ಷಿಕ ಸಂಚಿಕೆಯನ್ನೇ ನೋಡಿ. ಕನ್ನಡದ ಪುಟಗಳಿಗೂ ಮಲಯಾಳದ ಪುಟಗಳಿಗೂ ಒಂದೇ ಹೊಲಿಗೆ. ಒಂದು ಕಡೆ ದಾರ ಬಿಚ್ಚಿದರೆ ಇನ್ನೊಂದು ಕಡೆಯ ಹಾಳೆಗಳೂ ಉದುರುತ್ತವೆ.

ಗೆಳೆಯರೊಬ್ಬರು ಇದನ್ನೆಲ್ಲ ಕೇಳಿ, “ನೀನು ಅವರಿಗೆ ಸಹಾಯ ಮಾಡು, ಕೆಲಸ ಆದಮೇಲೆ ನಿನ್ನನ್ನು ಮರೆಯುತ್ತಾರೆ” ಎಂದರು. ಮರೆಯಬಹುದು. ಗಂಧರ್ವನಿಂದ ಬಿಡಿಸಿಕೊಂಡು ಬಂದ ಕೌರವ ಕೃತಜ್ಞನಾಗಿ ರಾಜ್ಯ ಕೊಟ್ಟನೇನು? ಅದಕ್ಕೇ ಹೇಳುತ್ತಿರುವುದು, ಕ್ಷಮೆ ಬೇಡ, ಷರತ್ತು ಬೇಕು. ಮನವಿಯಲ್ಲಿ ‘ತೆಲುಗು ಮಾಧ್ಯಮ’ ಎಂದಿರಬಾರದು, ‘ಮಾತೃಭಾಷಾ ಮಾಧ್ಯಮ’ ಎಂದಿರಬೇಕು. ಅದು ಎರಡೂ ಲಿಪಿಯಲ್ಲಿರಬೇಕು. ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಎಂಬ ಬೇಡಿಕೆ ಅವರ ಪಟ್ಟಿಯಲ್ಲೂ ಇರಬೇಕು. ನಮ್ಮ ಕಡೆಯಿಂದ ನಾವು ಕೊಡಬೇಕಾದದ್ದೂ ಇದೆ. ನಮಗೆ ಹತ್ತಿರದ ಪಾವಗಡ ಕರ್ನಾಟಕದಲ್ಲಿದ್ದರೂ ಅಲ್ಲಿ ಮನೆಮಾತು ತೆಲುಗಾಗಿರುವ ಮಕ್ಕಳು ತುಂಬ. ನಾವು ಆಂಧ್ರದಲ್ಲಿ ಕೇಳುವ ನ್ಯಾಯವನ್ನು ಅವರು ಕರ್ನಾಟಕದಲ್ಲಿ ಕೇಳಿದರೆ, ನಾವು ಎಷ್ಟು ಮಂದಿ ಸಹಿ ಹಾಕುತ್ತೇವೆ? ಈ ಪ್ರಶ್ನೆಯನ್ನು ಕನ್ನಡದ ಸಭೆಯೊಂದರಲ್ಲಿ ಕೇಳಿದ್ದೆ. ಮುಂದಿನ ವರ್ಷ ನನಗೆ ಆಮಂತ್ರಣ ಬರಲಿಲ್ಲ.

ಆ ಸಿನೆಮಾದಲ್ಲಿ ಒಂದು ಭೋಜನಕೂಟ ಬರುತ್ತದೆ. ಎರಡೂ ಕಡೆಯವರು ಮುಖ ಗಂಟಿಕ್ಕಿಕೊಂಡು ಒಂದೇ ಮೇಜಿಗೆ ಕೂತಿರುತ್ತಾರೆ. ಶೇಕ್ಸ್‌ಪಿಯರನ ಸವಿ ಗೊತ್ತಾಗಬೇಕಾದರೆ ಅವನನ್ನು ಮೂಲ ಕ್ಲಿಂಗಾನಿನಲ್ಲೇ ಓದಬೇಕು ಎಂದು ಕ್ಲಿಂಗಾನ್ ಮುಖ್ಯಸ್ಥ ಗಂಭೀರವಾಗಿ ಹೇಳುತ್ತಾನೆ. ನನಗೆ ನಮ್ಮ ಕೃಷ್ಣದೇವರಾಯ ನೆನಪಾದ. ಅವನು ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ ಬರೆದ, ಕನ್ನಡದಲ್ಲಿ ಶಾಸನ ಹಾಕಿಸಿದ. ಅವನು ಯಾರವನು ಎಂದು ನಾವೂ ತೆಲುಗರೂ ಇನ್ನೂ ಬಡಿದಾಡುತ್ತಿದ್ದೇವೆ. ಮಗ ಇನ್ನೊಂದು ವಿಷಯ ಹೇಳಿದ: ಎಲ್ಲೂ ಇಲ್ಲದ ಆ ಜನಾಂಗದ ಭಾಷೆಗೆ 1985ರಲ್ಲೇ ನಿಘಂಟು ಬಂದಿದೆ, ಅದ ಕಲಿಯುವವರೂ ಇದ್ದಾರೆ, ‘ಹ್ಯಾಮ್ಲೆಟ್’ ನಾಟಕ ಅದಕ್ಕೆ ಅನುವಾದವಾಗಿದೆ. ಆಡುವ ತಾಯಿಯೇ ಇಲ್ಲದ ಭಾಷೆಗೆ ಇಷ್ಟು. ಇವನಿಗೋ ತನ್ನ ಅಜ್ಜಿಯ ಭಾಷೆಯಲ್ಲಿ ಒಂದು ಕಾಗದ ಬರೆಯಲು ಬಾರದು. ಅದಕ್ಕೆ ಯಾರನ್ನು ಬೈಯಲಿ?

ಕಳೆದ ಯುಗಾದಿಯ ಮರುದಿನ ನಮ್ಮ ಬೀದಿಯ ಪ್ರಾಥಮಿಕ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕೆಂದು ನಾವು ನಾಲ್ಕು ಜನ ಕೂತು ಒಂದು ಮನವಿ ಬರೆದೆವು, ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು. ಸಹಿ ಹಿಡಿಯಲು ಹೊರಟಾಗ ಆ ತೆಲುಗು ಮೇಷ್ಟ್ರ ಮನೆಯೂ ದಾರಿಯಲ್ಲಿತ್ತು. ನಿವೃತ್ತರಾಗಿದ್ದಾರೆ. ಜೊತೆಗಿದ್ದವರು ಬೇಡವೆಂದರು. ನನಗೂ ಮನಸ್ಸಿರಲಿಲ್ಲ, ಆದರೂ ಬಾಗಿಲು ತಟ್ಟಿದೆ. ಅವರು ಒಳಗೆ ಕರೆದು ಕೂರಿಸಿ, ಕನ್ನಡಕ ಹುಡುಕಿ ಹಾಕಿಕೊಂಡು, ಹಾಳೆಯ ಎಡಬದಿಯನ್ನೇ ಓದತೊಡಗಿದರು. ಬೆರಳಿಟ್ಟು, ನಿಧಾನವಾಗಿ, ಕನ್ನಡವನ್ನು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಪೂರ್ತಿ ಓದಿ, ಒಂದು ಕಾಗುಣಿತದ ತಪ್ಪು ತೋರಿಸಿ, ನನ್ನ ಪೆನ್ನಿನಿಂದಲೇ ತೆಲುಗಿನಲ್ಲಿ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ಹಿಂದಕ್ಕೆ ಕೊಡುತ್ತ, “ಆವತ್ತು ನೀವು ಹಾಕಲಿಲ್ಲ ಸಾರ್” ಎಂದರು.